ನಡುಗದ ನೆಲದ ಲೆಕ್ಕ

ರಾಮನಗರದ ಬೆಟ್ಟಗಳ ನೆರಳಿನಲ್ಲಿ ಬೆಳೆದವರಿಗೆ ನೆಲ ನಡುಗೀತೆಂಬ ಮಾತು ನಗೆ ತರಿಸುವುದು ಸಹಜ. ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯ ಕಲ್ಲು ಅದು. ಮಾಗಡಿಯ ಸಾವನದುರ್ಗವಂತೂ ಒಂದೇ ಹೆಬ್ಬಂಡೆ. ಚನ್ನಪಟ್ಟಣದ ತರುಣ ಇಂಜಿನಿಯರನೊಬ್ಬನು, ದೊಡ್ಡಪ್ಪ ಕನಕಪುರದಲ್ಲಿ ಕಟ್ಟಿಸಲಿದ್ದ ಉಕ್ಕಿನ ಚೌಕಟ್ಟಿನ ಕಟ್ಟಡಕ್ಕೆ ಭೂಕಂಪದ ಲೆಕ್ಕ ಹಾಕತೊಡಗಿದಾಗ ಅವರೂ ನಕ್ಕರು.

“ಈ ಸೀಮೆ ಅಲುಗಿದ್ದನ್ನು ಯಾರಪ್ಪ ಕಂಡಿದ್ದಾರೆ? ಇಲ್ಲದ ದೆವ್ವಕ್ಕೆ ಬಲಿ ಯಾಕೆ?”

ತರುಣನು ಕಿಲ್ಲಾರಿಯ ಹೆಸರೆತ್ತಿದನು. ನಕ್ಷೆಯಲ್ಲಿ ಆ ಊರು ಅತ್ಯಂತ ಕಡಿಮೆ ಅಪಾಯದ ಒಂದನೆಯ ವಲಯದಲ್ಲಿತ್ತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ವಿಸರ್ಜನೆ ಮುಗಿಸಿ ಮಲಗಿದ್ದ ಸಾವಿರಾರು ಮಂದಿ ಕಲ್ಲುಮಣ್ಣಿನ ಗೋಡೆಗಳಡಿಯಲ್ಲಿ ಮಡಿದರು. 1962ರಲ್ಲಿ ಮೊದಲು ಪ್ರಕಟವಾದ ಐಎಸ್ 1893 ಸಂಹಿತೆಯನ್ನು 2002ರಲ್ಲಿ ಪರಿಷ್ಕರಿಸಿದಾಗ ಆ ಒಂದನೆಯ ವಲಯವನ್ನೇ ತೆಗೆದು ಎರಡನೆಯದರಲ್ಲಿ ಸೇರಿಸಿದರು.

ದೊಡ್ಡಪ್ಪ ಸುಮ್ಮನಾದರು. ತರುಣನು 2016ರ ಆವೃತ್ತಿಯ ಲೆಕ್ಕವನ್ನು ಬಿಡಿಸಿಟ್ಟನು. ಎರಡನೆಯ ವಲಯದ ಅಂಕ 0.10, ಅದರಲ್ಲಿ ಅರ್ಧ. ಉಕ್ಕು ಮುರಿಯುವ ಮೊದಲು ಬಾಗುತ್ತದೆ, ಬಾಗುತ್ತ ಕಂಪನದ ಶಕ್ತಿಯನ್ನು ಹೀರಿಕೊಳ್ಳುತ್ತದೆ. ಆದುದರಿಂದ ಸಾಮಾನ್ಯ ಚೌಕಟ್ಟಾದರೆ 3ರಿಂದ, ಕೀಲುಗಳನ್ನು ವಿಶೇಷ ಎಚ್ಚರದಿಂದ ರಚಿಸಿದ್ದಾದರೆ 5ರಿಂದ ಭಾಗಿಸಬೇಕು. ಶಾಲೆ ಆಸ್ಪತ್ರೆಗಳಿಗಾದರೆ ಒಂದೂವರೆ ಪಾಲು ಹೆಚ್ಚಿಸಬೇಕು. ಉಳಿದುದು ನೆಲದ ಗುಣ. ಹತ್ತು ಮೀಟರು ಎತ್ತರ, ನೂರು ಟನ್ನು ತೂಕದ ಸಾಮಾನ್ಯ ಚೌಕಟ್ಟಿಗೆ ಬಂಡೆಯ ಮೇಲೆ ಅಡ್ಡಲಾಗಿ ಬೀಳುವ ನೂಕು ಸುಮಾರು 3.5 ಟನ್ನು, ಮೆತ್ತನೆಯ ಮಣ್ಣಿನ ಮೇಲೆ 4.2.

“ನಮ್ಮದು ಬಂಡೆಯೇ ತಾನೆ?”

“ಅಲ್ಲ ದೊಡ್ಡಪ್ಪ, ತಾವು ಕೊಂಡ ನಿವೇಶನ ಹಳೆಯ ಕೆರೆಯಂಗಳ. ಮೇಲಾಗಿ ತಾರಸಿಯ ಮೇಲೆ ಹತ್ತು ಟನ್ನು ನೀರಿನ ತೊಟ್ಟಿ ಬೇಕೆಂದಿದ್ದೀರಿ. ಬಲವನ್ನು ಅಂತಸ್ತುಗಳಿಗೆ ಹಂಚುವಾಗ ಮೇಲಿನ ಭಾರಕ್ಕೇ ದೊಡ್ಡ ಪಾಲು.”

ಅಷ್ಟು ಹೊತ್ತೂ ಬೊಂಬೆಗೆ ಅರಗಿನ ಬಣ್ಣ ಹಿಡಿಸುತ್ತಿದ್ದ ತಾತ ತಲೆಯೆತ್ತಿದರು. ಎರಡು ಬೊಂಬೆಗಳನ್ನು ಹಲಗೆಯ ಮೇಲೆ ನಿಲ್ಲಿಸಿ ಮೆಲ್ಲನೆ ಅಲುಗಿಸಿದರು. ದಪ್ಪ ತಲೆಯದು ಉರುಳಿತು. ಅಗಲ ಬುಡದ್ದು ನಿಂತಿತು.

“ಇಷ್ಟಕ್ಕೆ ಅಷ್ಟೊಂದು ಕಾಗದವೇನೋ ಮಗ?” ಎಂದರು.

ತೊಟ್ಟಿ ನೆಲಕ್ಕಿಳಿಯಿತು. ಕಂಬ ತೊಲೆಗಳು ಕೂಡುವೆಡೆಗಳ ಖರ್ಚಿಗೆ ದೊಡ್ಡಪ್ಪ ಗೊಣಗುತ್ತಲೇ ರುಜು ಹಾಕಿದರು. ಆ ಹಣ ಸಾರ್ಥಕವಾಯಿತೆಂದು ತಿಳಿಯುವ ದಿನ ಬಾರದಿರಲೆಂದು ತರುಣನು ಮನಸ್ಸಿನಲ್ಲಿಯೇ ಹಾರೈಸಿದನು.