ದೊಡ್ಡವನಾಗಲು ಎಷ್ಟು ವರ್ಷ ಬೇಕು?

ನಮ್ಮ ದೇಶದಲ್ಲಿ ಒಬ್ಬ ಹುಡುಗ ಎಷ್ಟನೇ ವಯಸ್ಸಿಗೆ ದೊಡ್ಡವನಾಗುತ್ತಾನೆ? ಸುಲಭದ ಪ್ರಶ್ನೆ ಅಂದುಕೊಳ್ಳಬೇಡಿ. ಕಾನೂನಿನ ಪ್ರಕಾರ 18. ಬ್ರಿಟಿಷರು 1875ರಲ್ಲಿ ಮಾಡಿದ ಕಾಯಿದೆ ಇವತ್ತಿಗೂ ನಡೆಯುತ್ತಿದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ನವರಿಗೆ 13 ತುಂಬಿದರೆ ಸಾಕು. ಬ್ಯಾಂಕಿನವರಾದ ನಾವಂತೂ ಇನ್ನೂ ಧಾರಾಳಿಗಳು. 10 ತುಂಬಿದ ಮಕ್ಕಳು ಉಳಿತಾಯ ಖಾತೆಯನ್ನು ತಾವೇ ತೆರೆದು ನಡೆಸಲು ಬ್ಯಾಂಕುಗಳು ಅವಕಾಶ ಕೊಡಬಹುದು ಎಂದು ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್‌ನಲ್ಲಿ ಸುತ್ತೋಲೆ ಹೊರಡಿಸಿದೆ. ಎಟಿಎಂ ಕಾರ್ಡು, ಚೆಕ್ ಪುಸ್ತಕ ಕೊಡುವುದು ಬಿಡುವುದು ಆಯಾ ಬ್ಯಾಂಕಿಗೆ ಬಿಟ್ಟದ್ದು. ಆದರೆ ಖಾತೆಯಲ್ಲಿ ಯಾವಾಗಲೂ ಜಮೆ ಇರಬೇಕು. ಸಾಲ ಮಾತ್ರ ಇಲ್ಲ!

ಇನ್ನೊಂದು ತಮಾಷೆ ಕೇಳಿ. ಹದಿನೆಂಟರೊಳಗಿನವರಿಗೆ ಸಿಮ್ ಕೊಡುವಂತಿಲ್ಲ. ಹಾಗಾಗಿ ಹದಿನಾರು ವರ್ಷದ ನಮ್ಮ ಮಗರಾಯನ ಕೈಯಲ್ಲಿರುವ ಫೋನು ಅವನದು, ಒಳಗಿನ ಸಿಮ್ ನನ್ನ ಹೆಸರಿನದು. ಪಕ್ಕದಲ್ಲಿ ಕೂತು ಸ್ವಲ್ಪ ಇಣುಕಿದರೆ "ಅಪ್ಪಾ, ಪ್ರೈವೆಸಿ!" ಅನ್ನುತ್ತಾನೆ. ಡೊಂಬಿವಲಿಯ ಎರಡು ಕೋಣೆಯ ಮನೆಯಲ್ಲಿ ಐದು ಜನ ಇರುವಾಗ ಪ್ರೈವೆಸಿ ಎಲ್ಲಿಂದ ತರೋಣ ಹೇಳಿ. ಪಾಪ, ಅವನಿಗೆ ಆ ಫೋನೇ ಒಂದು ಕೋಣೆ.

ನಮ್ಮ ಕಾಲದಲ್ಲಿ ಈ ಜಾಗದಲ್ಲಿದ್ದದ್ದು ಕೈಗಡಿಯಾರ. 1986ರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದಾಗ ಅಪ್ಪ ಕುಂದಾಪುರ ಪೇಟೆಯಿಂದ ಒಂದು ಎಚ್‌ಎಂಟಿ ವಾಚು ತಂದುಕೊಟ್ಟರು. ವಾರಗಟ್ಟಲೆ ಅಂಗಿಯ ತೋಳು ಮಡಚಿಕೊಂಡೇ ತಿರುಗಿದೆ. ಆದರೆ ಅದರ ಜತೆಗೆ ಒಂದು ನಷ್ಟವೂ ಆಯಿತು ನೋಡಿ. "ಗಂಟೆ ಎಷ್ಟಾಯ್ತು ಅಂತ ಗೊತ್ತಾಗ್ಲಿಲ್ಲ" ಅನ್ನುವ ನೆಪ ಅಂದಿಗೇ ಮುಗಿಯಿತು. ಸಂಜೆ ಏಳಕ್ಕೆ ಮನೆ ಅಂದರೆ ಏಳಕ್ಕೆ ಮನೆ. ವಾಚು ಕೈಗೆ ಬಂದ ದಿನವೇ ಒಂದು ಹೊಣೆಯೂ ಬಂತು. ಈಗ ಮಕ್ಕಳ ಕೈಗೆ ಫೋನು ಕೊಡುತ್ತೇವೆ, ಅದರ ಜತೆಗೆ ಯಾವ ಹೊಣೆ ಕೊಡುತ್ತೇವೆ?

ಹಾಗಂತ "ನಮ್ಮ ಕಾಲವೇ ಚೆನ್ನಾಗಿತ್ತು" ಎಂಬ ಹರಿಕಥೆ ನನಗೆ ಬೇಡ. ನಮ್ಮ ದೊಡ್ಡಪ್ಪ ಹದಿಮೂರನೇ ವಯಸ್ಸಿಗೆ ಮುಂಬಯಿಗೆ ಬಂದು ಉಡುಪಿ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದವರು. ರಾತ್ರಿ ಫೋರ್ಟಿನ ಕನ್ನಡ ಶಾಲೆಯಲ್ಲಿ ಕಲಿತರು. ತಿಂಗಳು ತಿಂಗಳು ಊರಿಗೆ ಮನಿಯಾರ್ಡರ್ ಮಾಡುತ್ತಿದ್ದರು. ಮುಂಬಯಿ ಕನ್ನಡಿಗರಲ್ಲಿ ಇಂಥ ಒಬ್ಬರಿಲ್ಲದ ಕುಟುಂಬ ಕಡಿಮೆ. ಅವರು ಬೇಗ ದೊಡ್ಡವರಾದರು ನಿಜ, ಆದರೆ ದೊಡ್ಡವರು ಮಾಡಿದ್ದು ಬಡತನ. ಅದೇ ದೊಡ್ಡಪ್ಪ ತಮ್ಮ ಮಕ್ಕಳನ್ನು ಹೋಟೆಲಿನ ಅಡುಗೆಮನೆಗೆ ಕಾಲಿಡಲು ಬಿಡಲಿಲ್ಲ. ಅವರ ಕಷ್ಟ ತೋರಿಸಿ ಇಂದಿನ ಮಕ್ಕಳಿಗೆ ಬೈಯುವುದು ಸರಿಯಲ್ಲ.

ಆದರೆ ಕೌಂಟರಿನ ಈಚೆ ಕೂತ ನನಗೆ ಕಾಣುವುದು ಬೇರೆಯೇ. ಕಳೆದ ವರ್ಷ ಹತ್ತೊಂಬತ್ತರ ಒಬ್ಬ ಹುಡುಗ ತಾಯಿಯನ್ನು ಕರೆದುಕೊಂಡು ನನ್ನ ಟೇಬಲ್ ಮುಂದೆ ನಿಂತ. ಖಾತೆ ಫ್ರೀಜ್ ಆಗಿತ್ತು. ವಿಚಾರಿಸಿದರೆ, ಗೆಳೆಯನ ಗೆಳೆಯನೊಬ್ಬ ಐದು ಸಾವಿರ ಕೊಡುತ್ತೇನೆ ಅಂದದ್ದಕ್ಕೆ ಇವನು ತನ್ನ ಎಟಿಎಂ ಕಾರ್ಡು, ಸಿಮ್ ಎರಡನ್ನೂ ಅವನ ಕೈಗೆ ಕೊಟ್ಟಿದ್ದ. ಎಲ್ಲಿಯದೋ ಮೋಸದ ದುಡ್ಡು ಇವನ ಖಾತೆಗೆ ಬಂದು ಹಾಗೇ ಮುಂದೆ ಹೋಗಿತ್ತು. ದುಡ್ಡು ಕಳಕೊಂಡವರು 1930ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದರು. ಇಂಥದ್ದಕ್ಕೆ ನಾವು ಮ್ಯೂಲ್ ಅಕೌಂಟ್ ಅನ್ನುತ್ತೇವೆ. ಮ್ಯೂಲ್ ಅಂದರೆ ಹೇಸರಗತ್ತೆ, ಯಾರದೋ ಹೊರೆ ಹೊರುವ ಪ್ರಾಣಿ.

"ನಾನೇನೂ ಮಾಡಿಲ್ಲ ಸರ್, ಬರೀ ಅಕೌಂಟ್ ಕೊಟ್ಟೆ" ಅಂತ ಒಂದೇ ಮಾತು ಅವನದು. ತಾಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಹುಡುಗ ಕೆಟ್ಟವನಲ್ಲ. ನನಗೆ ಅರ್ಧ ಗಂಟೆ ಹಿಡಿಯುವ ಕೆಲಸವನ್ನು ಫೋನಿನಲ್ಲಿ ಎರಡು ನಿಮಿಷಕ್ಕೆ ಮಾಡಿ ಮುಗಿಸುವಂಥವನು. ಖಾತೆಯ ಮೇಲೆ ಬರೆದಿರುವುದು ತನ್ನ ಹೆಸರು, ಅದಕ್ಕೆ ಉತ್ತರ ಕೊಡಬೇಕಾದವನೂ ತಾನೇ ಅನ್ನುವುದೊಂದು ಅವನಿಗೆ ತಿಳಿದಿರಲಿಲ್ಲ. ಅದು ಯಾವ ಆ್ಯಪ್‌ನಲ್ಲೂ ಸಿಗುವುದಿಲ್ಲವಲ್ಲ.

ಆ ಸಂಜೆ ಮನೆಗೆ ಬಂದು ಮಗನ ಫೋನು ಕಸಿದುಕೊಳ್ಳಲಿಲ್ಲ, ಭಾಷಣವನ್ನೂ ಮಾಡಲಿಲ್ಲ. ಲೈಟ್ ಬಿಲ್, ಗ್ಯಾಸ್ ಬುಕಿಂಗ್ ಎರಡನ್ನೂ ಅವನಿಗೆ ವಹಿಸಿದೆ. ಕೊನೆಯ ತಾರೀಕು ದಾಟಿದರೆ ದಂಡ ಅವನ ಪಾಕೆಟ್ ಮನಿಯಿಂದ. ಮತ್ತೊಂದು ದೊಡ್ಡ ಕೆಲಸವನ್ನೂ ಕೊಟ್ಟೆ, ಅವನ ಅಜ್ಜಿಯ ಜೀವನ ಪ್ರಮಾಣ ಪತ್ರ. ನಮ್ಮ ಅಪ್ಪ ಅಂಚೆ ಇಲಾಖೆಯಲ್ಲಿದ್ದವರು. ಅಮ್ಮನಿಗೆ ಕುಟುಂಬ ಪಿಂಚಣಿ ಬರುತ್ತದೆ. ವರ್ಷಕ್ಕೊಮ್ಮೆ "ಬದುಕಿದ್ದೇನೆ" ಅಂತ ತೋರಿಸದಿದ್ದರೆ ಪಿಂಚಣಿ ನಿಲ್ಲುತ್ತದೆ. ಇದನ್ನು ಕಂಪ್ಯೂಟರಿನಲ್ಲಿ ಮಾಡುವ ಏರ್ಪಾಡು 2014ರಲ್ಲೇ ಬಂತು; 2021ರಿಂದ ಫೋನಿನ ಎದುರು ಮುಖ ಹಿಡಿದರೂ ಆಗುತ್ತದೆ. ಎಂಬತ್ತು ದಾಟಿದವರಿಗೆ ಅಕ್ಟೋಬರ್ ಒಂದರಿಂದಲೇ ಅವಕಾಶ.

ಅಕ್ಟೋಬರ್ ಪೂರ್ತಿ ಕಳೆಯಿತು, ನಾನು ನೆನಪಿಸಲಿಲ್ಲ. ನಾಲಿಗೆ ಕಚ್ಚಿಕೊಂಡು ಸುಮ್ಮನಿರುವುದು ಎಂಥ ಶಿಕ್ಷೆ ಅಂತ ಹದಿಹರೆಯದ ಮಕ್ಕಳಿರುವ ನಿಮಗೆ ಹೇಳಬೇಕಾಗಿಲ್ಲ! ನವೆಂಬರಿನ ಮೊದಲ ಭಾನುವಾರ ಅಜ್ಜಿಯನ್ನು ಬಾಲ್ಕನಿಯ ಬೆಳಕಿಗೆ ಕೂರಿಸಿ, "ಅಜ್ಜಿ, ಕಣ್ಣು ಮಿಟುಕಿಸಿ... ಈಗಲ್ಲ, ಈಗ!" ಅಂತ ನಾಲ್ಕು ಸಲ ಪ್ರಯತ್ನಪಟ್ಟ. ಪೊರೆಯ ಆಪರೇಶನ್ ಆದ ಕಣ್ಣು, ಅದು ಕೇಳಬೇಕಲ್ಲ. ಐದನೆಯದಕ್ಕೆ ಆಯಿತು. "ಹಂಗಾರೆ ನಾನ್ ಬದ್ಕಿದ್ದೆ ಅಂದೇಳಿ ಆಯ್ತಾ ಮಗಾ?" ಅಂತ ಅಮ್ಮ ಕೇಳಿದರು. ಅವನು ಜೋರಾಗಿ ನಕ್ಕ. ಮರುದಿನ ನನ್ನನ್ನು ಕೇಳದೆ, ಪ್ರಮಾಣ ಪತ್ರ ಪಿಂಚಣಿ ಖಾತೆಗೆ ಮುಟ್ಟಿತೋ ಇಲ್ಲವೋ ಅಂತ ತಾನೇ ನೋಡಿ ಬಂದು ಹೇಳಿದ. ನನಗೆ ಬೇಕಿದ್ದದ್ದು ಅಷ್ಟೇ.

ಬ್ಯಾಂಕಿನಲ್ಲಿ ಒಂದು ನಿಯಮವಿದೆ. ಮೈನರ್ ಖಾತೆಯವರಿಗೆ ಹದಿನೆಂಟು ತುಂಬಿದ ಮೇಲೆ ಮಾದರಿ ಸಹಿಯನ್ನು ಹೊಸದಾಗಿ ತೆಗೆದುಕೊಳ್ಳಬೇಕು. ನಮ್ಮವನಿಗೆ ಇನ್ನೂ ಎರಡು ವರ್ಷ ಬಾಕಿ. ಸಿಮ್ಮನ್ನೂ ಆಗಲೇ ಅವನ ಹೆಸರಿಗೆ ಮಾಡಿಸಿಕೊಡುವುದಿದೆ. ಸದ್ಯಕ್ಕೆ ಹೊಸ ಮಾಡೆಲ್ ಫೋನು ಬೇಕು ಅಂತ ಹಟ ಹಿಡಿದಿದ್ದಾನೆ. ಲೈಟ್ ಬಿಲ್ ಕಟ್ಟುವವನಿಗೆ ನಮ್ಮ ತಿಂಗಳ ಖರ್ಚು ಗೊತ್ತಿದೆಯಲ್ಲ, ಲೆಕ್ಕ ನೀನೇ ಹಾಕು ಅಂದಿದ್ದೇನೆ. ಮೂರು ದಿನದಿಂದ ಹಾಕುತ್ತಲೇ ಇದ್ದಾನೆ!