ಸೂರ್ಯನೂ ರ‍್ಯಾಂಕೂ ಸರಿಯಾಗಿ ಮೂಡಬೇಕಾದರೆ

ಓಪನ್‌ಬಿಎಸ್‌ಡಿ ಎಂಬ ಕಾರ್ಯಾಚರಣಾ ವ್ಯವಸ್ಥೆ ಓಡುತ್ತಿರುವ ಲ್ಯಾಪ್‌ಟಾಪಿನ ಮುಂದೆ ಕೂತಿದ್ದೀರಿ. ಟರ್ಮಿನಲ್‌ನಲ್ಲಿ ಪೋರ್ಟ್ಸ್ ಡೈರೆಕ್ಟರಿಗೆ ಇಳಿದು, ಅಲ್ಲಿಂದ ಡೆವೆಲ್‌ಗೆ, ಅಲ್ಲಿಂದ ಹಾರ್ಫ್‌ಬಜ್ ಫೋಲ್ಡರಿಗೆ ಬಂದಿದ್ದೀರಿ. ಪಟ್ಟಿ ತೆಗೆದರೆ ಕಾಣುವುದು ಇಷ್ಟೇ: ಮೇಕ್‌ಫೈಲ್, ಡಿಸ್ಟ್‌ಇನ್ಫೋ, ಪಿಕೆಜಿ ಎಂಬ ಒಳ ಫೋಲ್ಡರು, ಹೀಗೆ ಕೆಲವೇ ಕೆಲವು. ಹಾರ್ಫ್‌ಬಜ್ ತಂತ್ರಾಂಶದ ಕೋಡ್ ಇಲ್ಲಿ ಇಲ್ಲವೇ ಇಲ್ಲ. ಅದನ್ನು ಎಲ್ಲಿಂದ ತರಬೇಕು, ತಂದದ್ದು ಅಸಲಿ ಎಂದು ಹೇಗೆ ತಿಳಿಯಬೇಕು, ಹೇಗೆ ಕಟ್ಟಬೇಕು, ಕಟ್ಟಿದ ಮೇಲೆ ಯಾವ ಫೈಲು ಎಲ್ಲಿ ಕೂರಬೇಕು ಎಂಬ ವಿವರ ಮಾತ್ರ ಇದೆ.

ಓಪನ್‌ಬಿಎಸ್‌ಡಿಯನ್ನು ಥಿಯೋ ಡಿ ರಾಡ್ಟ್ 1995ರಲ್ಲಿ ಶುರು ಮಾಡಿದರು. ಕೆನಡಾದ ಕ್ಯಾಲ್ಗರಿ ಇಂದಿಗೂ ಅದರ ನೆಲೆ. ಕರ್ನಲ್, ಮೂಲ ಲೈಬ್ರರಿಗಳು, ಕಮಾಂಡುಗಳು ಅದರ ತಂಡದವೇ. ಬ್ರೌಸರು, ಲಿಬ್ರೆಆಫೀಸು, ಅಕ್ಷರ ಮೂಡಿಸುವ ಸಾಧನಗಳೆಲ್ಲ ಹೊರಗಿನವು. ಅವನ್ನು ಬರೆದವರ ಮೇಜಿನ ಮೇಲೆ ಹೆಚ್ಚಾಗಿ ಇರುವುದು ಲಿನಕ್ಸ್. ಅವು ಇಲ್ಲಿಯೂ ಓಡುವಂತೆ ಮಾಡಿ, ಹೊಸ ಆವೃತ್ತಿ ಬಂದಾಗಲೆಲ್ಲ ಮತ್ತೆ ಹೊಂದಿಸುವುದೇ ಪೋರ್ಟ್ ನೋಡಿಕೊಳ್ಳುವವರ ಕೆಲಸ. ಇವತ್ತು ಆ ಕೆಲಸ ನಿಮ್ಮ ಪಾಲಿನದು.

ಮೇಕ್‌ಫೈಲ್ ತೆರೆದು ಆವೃತ್ತಿಯ ಅಂಕಿ ಬದಲಿಸುತ್ತೀರಿ. ‘ಮೇಕ್ ಮೇಕ್‌ಸಮ್’ ಎಂದು ಒತ್ತಿದರೆ ಹೊಸ ಟಾರ್‌ಬಾಲ್ (ಕೋಡಿನ ಕಟ್ಟು) ಇಳಿಯುತ್ತದೆ, ಅದರ ಷಾ-256 ಮೊತ್ತವೂ ಗಾತ್ರವೂ ಡಿಸ್ಟ್‌ಇನ್ಫೋದಲ್ಲಿ ದಾಖಲಾಗುತ್ತವೆ. ಇನ್ನು ಮುಂದೆ ಒಂದೇ ಒಂದು ಬೈಟು ಹೆಚ್ಚುಕಮ್ಮಿಯಾದರೂ ಕಟ್ಟುವ ಕೆಲಸ ಅಲ್ಲೇ ನಿಲ್ಲುತ್ತದೆ. ಆದರೆ ಆ ಮೊತ್ತ ಹೇಳುವುದು ನೀವು ಇಳಿಸಿಕೊಂಡದ್ದೂ ಮುಂದೆ ಎಲ್ಲರೂ ಇಳಿಸಿಕೊಳ್ಳುವುದೂ ಒಂದೇ ಎಂದಷ್ಟೆ. ಒಳಗಿರುವುದು ಒಳ್ಳೆಯದೋ ಕೆಟ್ಟದ್ದೋ ಎಂದು ಅದು ಹೇಳಲಾರದು.

ಹಾಗಾಗಿ ಹಳೆಯ ಟಾರ್‌ಬಾಲನ್ನೂ ಹೊಸದನ್ನೂ ಪಕ್ಕಪಕ್ಕ ಬಿಚ್ಚಿ ವ್ಯತ್ಯಾಸ ಓದಲು ಕೂರುತ್ತೀರಿ. ಪರದೆಯ ಮೇಲೆ ಕೂಡಿದ ಸಾಲು, ಕಳೆದ ಸಾಲು ಒಂದರ ಹಿಂದೆ ಒಂದು ಸರಿಯುತ್ತವೆ. ಎಲ್ಲವನ್ನೂ ಅರ್ಥ ಮಾಡಿಕೊಳ್ಳಲು ಆಗುವುದಿಲ್ಲ. ಆದರೂ ಕಟ್ಟುವ ಸ್ಕ್ರಿಪ್ಟುಗಳ ಹತ್ತಿರ ಬಂದಾಗ ಬೆರಳು ನಿಧಾನವಾಗುತ್ತದೆ. 2024ರ ಮಾರ್ಚ್ ಕೊನೆಯಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಬೆನ್ನು ಹತ್ತಿ ಹೋಗಿ ಎಕ್ಸ್‌ಜೆಡ್ ಎಂಬ ಸಂಕೋಚನ ತಂತ್ರಾಂಶದೊಳಗೆ ಅಡಗಿದ್ದ ಹಿಂಬಾಗಿಲನ್ನು ಪತ್ತೆ ಹಚ್ಚಿದರು. ಅದು ಸೇರಿದ್ದು 5.6.0 ಮತ್ತು 5.6.1 ಆವೃತ್ತಿಗಳಲ್ಲಿ. ಅದನ್ನು ಎಬ್ಬಿಸುವ ಸಾಲುಗಳು ಎಲ್ಲರೂ ನೋಡುವ ಗಿಟ್ ಸಂಗ್ರಹದಲ್ಲಿ ಇರಲಿಲ್ಲ, ಬಿಡುಗಡೆಯ ಟಾರ್‌ಬಾಲಿನಲ್ಲಿ ಮಾತ್ರ ಇದ್ದವು. ಗುರಿ ಲಿನಕ್ಸ್ ಆಗಿತ್ತು, ನಿಜ. ಆದರೂ ಇಳಿಸಿಕೊಂಡದ್ದನ್ನು ಕಣ್ಣಾಡಿಸದೆ ಕಟ್ಟುವುದು ಅಸಡ್ಡೆ ಎಂದೇ ನಾನು ನಂಬಿದ್ದೇನೆ. ಓದಿದ ಮಾತ್ರಕ್ಕೆ ಕಳ್ಳ ಸಿಕ್ಕೇ ಸಿಗುತ್ತಾನೆ ಎಂದಲ್ಲ. ಓದುವವರೇ ಇಲ್ಲದ ಕಡೆ ಅವನಿಗೆ ಅಡಗುವ ಅಗತ್ಯವೂ ಬೀಳುವುದಿಲ್ಲ.

ಈಗ ‘ಮೇಕ್’. ಕೆಲಸ ನಡೆಯುವುದು ನಿಮ್ಮ ಹೆಸರಿನಲ್ಲಲ್ಲ. ಇಳಿಸಲು ಒಬ್ಬ ಪ್ರತ್ಯೇಕ ಬಳಕೆದಾರ, ಕಟ್ಟಲು ಇನ್ನೊಬ್ಬ. ಕಟ್ಟುವ ಬಳಕೆದಾರನಿಗೆ ಇಂಟರ್‌ನೆಟ್ಟೇ ಇಲ್ಲ. ಓಪನ್‌ಬಿಎಸ್‌ಡಿಯ ಜೊತೆ ಬರುವ ಫೈರ್‌ವಾಲ್ ನಿಯಮದಲ್ಲೇ ಅವನ ದಾರಿ ಮುಚ್ಚಿದೆ. ಕಟ್ಟುವ ಹೊತ್ತಿನಲ್ಲಿ ಸದ್ದಿಲ್ಲದೆ ಹೊರಗಿನಿಂದ ಏನನ್ನೋ ತರಿಸಿಕೊಳ್ಳುವ ಸ್ಕ್ರಿಪ್ಟು ಇಲ್ಲಿ ಮುಗ್ಗರಿಸುತ್ತದೆ. ಈ ಏರ್ಪಾಡು ನನಗೆ ಬಹಳ ಹಿಡಿಸುತ್ತದೆ.

ಫ್ಯಾನ್ ಜೋರಾಗುತ್ತದೆ. ಕಂಪೈಲರಿನ ಸಾಲುಗಳು ಓಡುತ್ತವೆ, ಮುಗಿಯುತ್ತವೆ. ‘ಮೇಕ್ ಟೆಸ್ಟ್’ ಎಂದಾಗ ಹಾರ್ಫ್‌ಬಜ್ ಜೊತೆಗೇ ಬಂದಿರುವ ಪರೀಕ್ಷೆಗಳು ಒಂದೊಂದಾಗಿ ಪಾಸಾಗುತ್ತವೆ. ನೀವು ಅಷ್ಟಕ್ಕೆ ಏಳುವುದಿಲ್ಲ.

ಏಕೆಂದರೆ ಈ ಲೈಬ್ರರಿ ಮಾಡುವ ಕೆಲಸ ನಿಮ್ಮ ಭಾಷೆಗೆ ನೇರವಾಗಿ ತಟ್ಟುವಂಥದ್ದು. ಮುಖ್ಯವಾಗಿ ಬೆಹ್ದಾದ್ ಎಸ್ಫಹಬೋದ್ ಬೆಳೆಸಿದ ಹಾರ್ಫ್‌ಬಜ್, ಯೂನಿಕೋಡ್ ಸಂಕೇತಗಳ ಸಾಲನ್ನು ತೆಗೆದುಕೊಂಡು ಫಾಂಟಿನ ಯಾವ ಆಕೃತಿ ಎಲ್ಲಿ ಕೂರಬೇಕೆಂದು ತೀರ್ಮಾನಿಸುತ್ತದೆ. ಆಂಡ್ರಾಯ್ಡ್, ಫೈರ್‌ಫಾಕ್ಸ್, ಲಿಬ್ರೆಆಫೀಸ್ ಎಲ್ಲವೂ ಅದನ್ನೇ ನೆಚ್ಚಿವೆ. ಇಂಗ್ಲಿಷಿಗೆ ಇದು ಹೆಚ್ಚು ಕಷ್ಟದ ಕೆಲಸವಲ್ಲ. ಕನ್ನಡಕ್ಕೆ ಇದಿಲ್ಲದಿದ್ದರೆ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ಬೀಳುತ್ತವೆ.

ಹೊಸದಾಗಿ ಕಟ್ಟಿದ ಎಚ್‌ಬಿ-ಶೇಪ್ ಎಂಬ ಕಮಾಂಡಿಗೆ ಒಂದು ಕನ್ನಡ ಫಾಂಟು ಕೊಟ್ಟು, ಮುಂದೆ ‘ಸೂರ್ಯ’ ಎಂದು ಟೈಪಿಸುತ್ತೀರಿ. ಕಂಪ್ಯೂಟರಿನ ಒಳಗೆ ರ ಮೊದಲು, ಯ ಆಮೇಲೆ. ಉತ್ತರದಲ್ಲಿ ಯ ಮೊದಲು ಬಂದು, ಅದರ ಬಲಕ್ಕೆ ಅರ್ಕಾವೊತ್ತು ನಿಂತಿದೆ. ಸರಿ. ಈಗ ‘ರ‍್ಯಾಂಕ್’. ಇಲ್ಲಿ ರ ಪೂರ್ತಿಯಾಗಿ ಉಳಿದು, ಯ ಒತ್ತಾಗಿ ಕೆಳಗಿಳಿಯಬೇಕು. ಅದಕ್ಕಾಗಿ ರ ಮತ್ತು ಹಲಂತದ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಚಿಹ್ನೆ ಇರಬೇಕೆಂದು ಯೂನಿಕೋಡ್ ಗೊತ್ತು ಮಾಡಿದೆ. ಆ ಚಿಹ್ನೆ ಕಡೆಗಣಿಸಲ್ಪಟ್ಟರೆ ಪತ್ರಿಕೆಯ ತಲೆಬರಹದಲ್ಲಿ ರ‍್ಯಾಂಕ್ ಹೋಗಿ ‘ರ್ಯಾಂಕ್’ ಆಗುತ್ತದೆ. ಹಳೆಯ ಆವೃತ್ತಿಯ ಉತ್ತರವನ್ನೂ ಹೊಸದರ ಉತ್ತರವನ್ನೂ ಪಕ್ಕದಲ್ಲಿಟ್ಟು ನೋಡುತ್ತೀರಿ. ‘ಸ್ತ್ರೀ’, ‘ರಾಷ್ಟ್ರ’, ‘ಕ್ಷ್ಮ’ ಎಂದು ಮೂರು ಹಂತದ ಒತ್ತುಗಳನ್ನೂ ಹಾಕುತ್ತೀರಿ. ಆಕೃತಿಗಳ ಹೆಸರು, ಅಗಲ, ಕ್ರಮ ಎಲ್ಲವೂ ಒಂದೇ ಇವೆ. ಈ ಪರೀಕ್ಷೆಯನ್ನು ಯಾರೂ ಕೇಳಿಲ್ಲ. ಆದರೆ ಈ ಪದಗಳನ್ನು ಓದಬಲ್ಲವರು ನೋಡದಿದ್ದರೆ ಮತ್ತೆ ಯಾರು ನೋಡಬೇಕು?

ಇನ್ನು ಲೈಬ್ರರಿಯ ಸಂಖ್ಯೆ. ಓಪನ್‌ಬಿಎಸ್‌ಡಿ ಮೂಲ ಲೇಖಕರು ಕೊಟ್ಟ ಸಂಖ್ಯೆಯನ್ನು ಹಾಗೇ ಒಪ್ಪುವುದಿಲ್ಲ, ದೊಡ್ಡ ಅಂಕಿ, ಚಿಕ್ಕ ಅಂಕಿ ಎಂದು ತನ್ನದೇ ಲೆಕ್ಕ ಇಡುತ್ತದೆ. ಚೆಕ್-ಸಿಮ್ ಎಂಬ ಸ್ಕ್ರಿಪ್ಟು ಹಳೆಯ ಮತ್ತು ಹೊಸ ಲೈಬ್ರರಿಗಳನ್ನು ಹೋಲಿಸಿ, ಯಾವ ಫಂಕ್ಷನ್ ಸೇರಿದೆ, ಯಾವುದು ಹೋಗಿದೆ ಎಂದು ತೋರಿಸುತ್ತದೆ. ಸೇರಿದ್ದಷ್ಟೇ ಆದರೆ ಚಿಕ್ಕ ಅಂಕಿ ಏರಿಸಿದರೆ ಸಾಕು. ಒಂದೇ ಒಂದು ಹೋಗಿದ್ದರೂ ದೊಡ್ಡ ಅಂಕಿ ಏರಬೇಕು. ಇಲ್ಲವಾದರೆ ಯಾರದೋ ಮನೆಯಲ್ಲಿ ಪ್ರೋಗ್ರಾಂ ಶುರುವಾಗುತ್ತಿದ್ದಂತೆ ಬೀಳುತ್ತದೆ. ಈ ಸಲ ಸೇರಿದ ಹೆಸರುಗಳು ಮಾತ್ರ ಇವೆ. ಚಿಕ್ಕ ಅಂಕಿ.

‘ಮೇಕ್ ಅಪ್‌ಡೇಟ್-ಪಿಲಿಸ್ಟ್’ ಫೈಲುಗಳ ಪಟ್ಟಿಯನ್ನು ಹೊಸದಾಗಿ ಬರೆದುಕೊಳ್ಳುತ್ತದೆ. ಅದನ್ನೂ ಸಾಲು ಸಾಲಾಗಿ ನೋಡುತ್ತೀರಿ. ಆಮೇಲೆ ಹಾರ್ಫ್‌ಬಜ್ ಅನ್ನು ನೆಚ್ಚಿರುವ ಪೋರ್ಟುಗಳ ಪಟ್ಟಿ ತೆಗೆಯುತ್ತೀರಿ. ಅದು ಪರದೆ ಮೀರಿ ಹರಿಯುತ್ತದೆ. ಮೊದಲಿಗೆ ಪ್ಯಾಂಗೋ, ಅದರ ಮೇಲೆ ಜಿಟಿಕೆ, ಅದರ ಮೇಲೆ ಡೆಸ್ಕ್‌ಟಾಪಿನ ಅರ್ಧ ಭಾಗ. ಎಲ್ಲವನ್ನೂ ಈ ಲ್ಯಾಪ್‌ಟಾಪಿನಲ್ಲಿ ಕಟ್ಟುವುದು ಆಗುವ ಮಾತಲ್ಲ. ಮುಖ್ಯವಾದವನ್ನು ಕಟ್ಟಿ, ಉಳಿದದ್ದನ್ನು ಮಾರ್ಕ್ ಎಸ್ಪಿ ಬರೆದ, ಪೋರ್ಟುಗಳನ್ನು ಸಾಲಾಗಿ ಕಟ್ಟುವ ಡಿಪಿಬಿ ಓಡುವ ದೊಡ್ಡ ಯಂತ್ರಗಳಿಗೆ ಬಿಡಬೇಕು.

ಬದಲಾವಣೆಯ ಡಿಫ್ ಅನ್ನು ಸಹೋದ್ಯೋಗಿಗಳಿಗೆ ಕಳಿಸುತ್ತೀರಿ. ಕೊನೆಯಲ್ಲಿ ಒಂದೇ ಪದದ ಪ್ರಶ್ನೆ: ಓಕೆ? ಒಬ್ಬರು ಆರ್ಮ್64 ಪ್ರೊಸೆಸರಿನ ಯಂತ್ರದಲ್ಲಿ ಕಟ್ಟಿ ನೋಡುತ್ತಾರೆ. ಅಲ್ಲಿ ಋಣ ಬೆಲೆ ಹಿಡಿಯದ ಕ್ಯಾರೆಕ್ಟರ್ ಮಾದರಿಯೇ ರೂಢಿ, ನಿಮ್ಮ ಯಂತ್ರದಲ್ಲಿ ಮುಚ್ಚಿಕೊಂಡಿದ್ದ ತಪ್ಪು ಅಲ್ಲಿ ಹೊರಬರಬಹುದು. ಇನ್ನೊಬ್ಬರು ಸ್ಪಾರ್ಕ್64ರಲ್ಲಿ, ಬೈಟುಗಳ ಕ್ರಮವೇ ತಲೆಕೆಳಗಾಗಿರುವ ಯಂತ್ರದಲ್ಲಿ, ಪರೀಕ್ಷೆ ಓಡಿಸುತ್ತಾರೆ. ಇಬ್ಬರಿಂದಲೂ ಓಕೆ ಬಂದ ಮೇಲೆ ನೀವು ಸಿವಿಎಸ್‌ನಲ್ಲಿ ಕಮಿಟ್ ಮಾಡುತ್ತೀರಿ.

ಕೆಲ ದಿನಗಳಲ್ಲಿ ಪ್ಯಾಕೇಜು ಸಿಗ್ನಿಫೈ ಸಹಿಯೊಂದಿಗೆ ಮಿರರ್‌ಗಳಿಗೆ ಏರುತ್ತದೆ. ಯಾರೋ ‘ಪಿಕೆಜಿ-ಆಡ್ ಮೈನಸ್ ಯು’ ಎಂದು ಒತ್ತಿದಾಗ ಹಾರ್ಫ್‌ಬಜ್‌ನ ಹಳೆ ಅಂಕಿ, ಒಂದು ಬಾಣ, ಹೊಸ ಅಂಕಿ, ಓಕೆ ಎಂಬ ಸಾಲು ಅವರ ಪರದೆಯಲ್ಲಿ ಹಾದುಹೋಗುತ್ತದೆ. ಅಷ್ಟರಲ್ಲಿ ಪ್ಯಾಂಗೋದ ಹೊಸ ಆವೃತ್ತಿ ಬಂದಿರುತ್ತದೆ, ನೀವು ಅದರ ಮೇಕ್‌ಫೈಲ್ ತೆರೆದಿರುತ್ತೀರಿ.