ಏರುವ ಎಣ್ಣೆ

ಭಾನುವಾರ ಬೆಳಿಗ್ಗೆ ಬಾನೆಟ್ ಎತ್ತಿ ಡಿಪ್‌ಸ್ಟಿಕ್ ಎಳೆಯುವುದೆಂದರೆ ನನಗೆ ತುಂಬ ಇಷ್ಟ. ಎಂಜಿನ್ ರಾತ್ರಿಯಿಡೀ ತಣಿದಿರಬೇಕು, ಕಾರು ಸಮನೆಲದಲ್ಲಿ ನಿಂತಿರಬೇಕು. ಹಳೆಯ ಪಂಚೆಯ ತುಂಡಿನಿಂದ ಕಡ್ಡಿ ಒರೆಸಿ, ಇಳಿಸಿ, ಮತ್ತೆ ಎಳೆದರೆ ಎರಡು ಗುರುತುಗಳ ನಡುವೆ ಎಣ್ಣೆಯ ಗೆರೆ ಹೊಳೆಯುತ್ತದೆ. ಗೆರೆ ಇಳಿದರೆ ಎಲ್ಲರೂ ಗಾಬರಿಯಾಗುತ್ತಾರೆ. ಟರ್ಬೊ ಪೆಟ್ರೋಲ್ ಕಾರಿಟ್ಟುಕೊಂಡ ನಾನು, ಗೆರೆ ಏರಿತೇ ಎಂದು ನೋಡುತ್ತೇನೆ. “ಆಯಿಲ್ ಜಾಸ್ತಿ ಇದ್ರೆ ಒಳ್ಳೇದೇ ಅಲ್ವಾ ಸರ್?” ಎಂದು ಗ್ಯಾರೇಜಿನ ಹುಡುಗ ಕೇಳಿದ್ದ. ನಾವು ಹಾಕದೆಯೇ ಹೆಚ್ಚಾದದ್ದು ಎಣ್ಣೆಯಲ್ಲಪ್ಪ, ಪೆಟ್ರೋಲು ಎಂದೆ. ನೆಂಟರು ಹೆಚ್ಚಾದಾಗ ಸಾರಿಗೆ ನೀರು ಹೊಯ್ದ ಹಾಗೆ: ಪಾತ್ರೆ ತುಂಬುತ್ತದೆ, ಸಾರು ತೆಳ್ಳಗಾಗುತ್ತದೆ.

ಡೈರೆಕ್ಟ್ ಇಂಜೆಕ್ಷನ್ ಎಂಜಿನ್ನಿನಲ್ಲಿ ಪೆಟ್ರೋಲು ನೂರಾರು ಬಾರ್ ಒತ್ತಡದಲ್ಲಿ ನೇರ ಸಿಲಿಂಡರಿನೊಳಕ್ಕೇ ಚಿಮ್ಮುತ್ತದೆ. ಎಂಜಿನ್ ತಣ್ಣಗಿದ್ದರೆ ಎಲ್ಲವೂ ಆವಿಯಾಗುವುದಿಲ್ಲ. ಒಂದಿಷ್ಟು ಗೋಡೆಗೆ ತಾಗಿ, ಅಲ್ಲಿನ ಎಣ್ಣೆಯ ಪದರದೊಳಗೆ ಬೆರೆತು, ಪಿಸ್ಟನ್ ರಿಂಗುಗಳನ್ನು ದಾಟಿ ಕೆಳಗಿನ ಎಣ್ಣೆಯ ಚೇಂಬರಿಗೆ ಇಳಿಯುತ್ತದೆ. 2018ರಲ್ಲಿ ಉತ್ತರ ಚೀನಾದ ಚಳಿಯಲ್ಲಿ ಹೋಂಡಾದ 1.5 ಲೀಟರ್ ಟರ್ಬೊ ಎಂಜಿನ್‌ಗಳ ಎಣ್ಣೆ ಹೀಗೆ ಏರಿ ದೊಡ್ಡ ಸುದ್ದಿಯಾಗಿತ್ತು. ಬೆಂಗಳೂರಿನಲ್ಲಿ ಆ ಚಳಿಯಿಲ್ಲ, ಆದರೆ ಜಯನಗರದಿಂದ ಬನಶಂಕರಿಗೆ ಹೋಗಿ ಆಫ್ ಮಾಡುವ ನಮ್ಮ ಓಡಾಟದಲ್ಲಿ ಎಣ್ಣೆ ಪೂರ್ತಿ ಕಾಯುವುದೇ ಇಲ್ಲ. ಬಿಎಸ್-6 ಡೀಸೆಲ್ ಕಾರುಗಳಲ್ಲಂತೂ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರಿನಲ್ಲಿ ಸೇರಿದ್ದನ್ನು ಸುಡಲೆಂದು ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತಾರೆ. ಟ್ರಾಫಿಕ್ಕಿನಲ್ಲಿ ಆ ಕೆಲಸ ಅರ್ಧಕ್ಕೇ ನಿಂತು ಮತ್ತೆ ಮತ್ತೆ ಶುರುವಾದರೆ ಡೀಸೆಲ್ ಕೂಡ ಎಣ್ಣೆಗೆ ಸೇರುತ್ತದೆ. ಪೆಟ್ರೋಲಿನಷ್ಟು ಸುಲಭವಾಗಿ ಅದು ಆವಿಯಾಗಿ ಹೋಗುವುದೂ ಇಲ್ಲ.

ಟರ್ಬೊ ಇರುವ ಕಡೆ ತೆಳುವಾದ ಎಣ್ಣೆ ಏಕೆ ಅಪಾಯ ಎಂದು ಯೋಚಿಸಿದಾಗಲೆಲ್ಲ ಆ ಪುಟ್ಟ ಯಂತ್ರದ ಮೇಲೆ ನನಗೆ ಗೌರವ ಹೆಚ್ಚುತ್ತದೆ. ಸಣ್ಣ ಟರ್ಬೊದ ಶಾಫ್ಟ್ ನಿಮಿಷಕ್ಕೆ 2 ಲಕ್ಷ ಸುತ್ತಿನವರೆಗೂ ತಿರುಗುತ್ತದೆ. ಅದರ ಒಂದು ತುದಿಗೆ ಉರಿಯುವ ಹೊಗೆ, ಇನ್ನೊಂದು ತುದಿಗೆ ಹೊರಗಿನ ಗಾಳಿ. ಬಹುತೇಕ ಟರ್ಬೊಗಳಲ್ಲಿ ಆ ಶಾಫ್ಟನ್ನು ಹೊತ್ತು ನಿಲ್ಲುವುದು ಕೂದಲಿಗಿಂತ ತೆಳುವಾದ ಎಣ್ಣೆಯ ಪದರ, ಅಷ್ಟೇ.

ಹಾಗಾಗಿ ಎಣ್ಣೆ ಆರಿಸುವಾಗ ನಾನು ಡಬ್ಬದ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದುತ್ತೇನೆ. ಮುಂಬದಿಯಲ್ಲಿ ಬರೆದ 5ಡಬ್ಲ್ಯೂ-30 ಪೂರ್ತಿ ಕಥೆ ಹೇಳುವುದಿಲ್ಲ. 150 ಡಿಗ್ರಿ ಶಾಖದಲ್ಲಿ, ಬೇರಿಂಗ್ ನಡುವಿನ ಜೋರು ಉಜ್ಜಾಟದಲ್ಲಿ ಎಣ್ಣೆ ಎಷ್ಟು ದಪ್ಪ ಉಳಿಯುತ್ತದೆ ಎಂಬ ಅಳತೆಗೆ ಎಚ್‌ಟಿಎಚ್‌ಎಸ್ ಎನ್ನುತ್ತಾರೆ. ಡಬ್ಬದ ಮೇಲಿನ ಕೊನೆಯ ಅಂಕಿ 20 ಆಗಿರುವ ದರ್ಜೆಗೆ ಕನಿಷ್ಠ 2.6 ಇದ್ದರೆ ಸಾಕು, 30ಕ್ಕೆ 2.9. ಆದರೆ ಯುರೋಪಿನ ಎಸಿಇಎ ಸಿ3 ಗುರುತು ಬೇಕಾದರೆ 3.5. ಅಂದರೆ ಒಂದೇ 5ಡಬ್ಲ್ಯೂ-30 ಎಂದು ಬರೆದ ಎರಡು ಡಬ್ಬಗಳು ಪೆಟ್ರೋಲು ಬೆರೆತ ಮೇಲೆ ಒಂದೇ ಥರ ನಿಲ್ಲುವುದಿಲ್ಲ. ಕಾರಿನ ಪುಸ್ತಕ ಒಪ್ಪುವ ದರ್ಜೆಗಳಲ್ಲಿ ಗಟ್ಟಿಯಾದದ್ದನ್ನೇ ನಾನು ತರುತ್ತೇನೆ. ಪುಸ್ತಕ ಒಪ್ಪದ್ದನ್ನು ಮುಟ್ಟುವುದಿಲ್ಲ. ಜೊತೆಗೆ ಪೆಟ್ರೋಲ್ ಟರ್ಬೊಗೆ ಕನಿಷ್ಠ ಅಮೆರಿಕದ ಎಪಿಐ ಎಸ್‌ಪಿ ಗುರುತಾದರೂ ಇರಲೇಬೇಕು. ಕಡಿಮೆ ವೇಗದಲ್ಲಿ ಆಕ್ಸಿಲರೇಟರ್ ಬಲವಾಗಿ ಒತ್ತಿದಾಗ ಪೆಟ್ರೋಲು ಸ್ಪಾರ್ಕಿಗೆ ಮೊದಲೇ ಹೊತ್ತಿಕೊಂಡು ಪಿಸ್ಟನ್ ಒಡೆಯುವ ಕಾಟವೊಂದಿದೆ. ಎಣ್ಣೆಯಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಅದೂ ಹೆಚ್ಚು. 2020ರಲ್ಲಿ ಬಂದ ಎಸ್‌ಪಿ ದರ್ಜೆ ಅದನ್ನು ಪರೀಕ್ಷಿಸಿಯೇ ಒಪ್ಪುತ್ತದೆ.

ಕಡ್ಡಿಯ ತುದಿಯ ಹನಿಯನ್ನು ಬ್ಲಾಟಿಂಗ್ ಪೇಪರಿನ ಮೇಲೆ ಬಿಟ್ಟು ಮಾರನೆಯ ದಿನ ನೋಡುವುದು ಇನ್ನೊಂದು ಸುಖ. ಮಸಿ ನಡುವೆ ಉಳಿಯುತ್ತದೆ, ಎಣ್ಣೆ ಹೊರಕ್ಕೆ ಹರಡುತ್ತದೆ. ಪೆಟ್ರೋಲು ಬೆರೆತಿದ್ದರೆ ಹೊರಗಿನ ಮಸುಕು ಉಂಗುರ ಅಗಲವಾಗುತ್ತದೆ. ಲ್ಯಾಬ್ ವರದಿಯ ನಿಖರತೆ ಇದಕ್ಕಿಲ್ಲ. ಆದರೂ ಹಳೆಯ ಹಾಳೆಗಳನ್ನು ಸಾಲಾಗಿ ಇಟ್ಟರೆ ಎಂಜಿನ್ ಹೇಗೆ ಬಾಳಿತು ಎಂಬುದು ಕಣ್ಣಿಗೆ ಕಟ್ಟುತ್ತದೆ.

ಗೆರೆ ಏರಿದ್ದು ಕಂಡರೆ ಹಾಸನದ ದಾರಿ ಹಿಡಿಯುತ್ತೇನೆ. ನೆಲಮಂಗಲ ದಾಟಿ ಒಂದೇ ಸಮನೆ ಓಡಿದಾಗ ಎಣ್ಣೆ ಚೆನ್ನಾಗಿ ಕಾದು, ಪೆಟ್ರೋಲಿನ ಹಗುರ ಭಾಗ ಆವಿಯಾಗುತ್ತದೆ. ಆ ಆವಿ ಕ್ರ್ಯಾಂಕ್‌ಕೇಸಿನ ಕೊಳವೆಯ ಮೂಲಕ ಮತ್ತೆ ಸಿಲಿಂಡರಿಗೇ ಬಂದು ಉರಿಯುತ್ತದೆ. ತಪ್ಪಿಸಿಕೊಂಡ ಪೆಟ್ರೋಲು ತಡವಾಗಿಯಾದರೂ ಕಾರನ್ನು ಎಳೆಯುತ್ತದೆ. ಪೆಟ್ರೋಲಿನ ಭಾರದ ಭಾಗ ಮಾತ್ರ ಅಷ್ಟು ಸುಲಭಕ್ಕೆ ಏಳುವುದಿಲ್ಲ. ಅದಕ್ಕೇ ಪುಸ್ತಕ ಹೇಳಿದ ಕಿಲೋಮೀಟರಿಗೆ ಕಾಯದೆ, ಅದರ ಅರ್ಧಕ್ಕೇ ಚೇಂಬರಿನ ಬೋಲ್ಟ್ ಬಿಚ್ಚಿಸಿ ಹೊಸ ಎಣ್ಣೆ ತುಂಬಿಸುತ್ತೇನೆ.